ಎರಡು ಗಡಿಯಾರದ ನಿಲ್ದಾಣದಲ್ಲಿ ಚೀಟಿಯಮ್ಮ

ಬೆಳಗಿನ ಐದೂವರೆ. ರೈಲು ನಿಲ್ದಾಣದ ಪಶ್ಚಿಮ ಹಜಾರದಲ್ಲಿ, ಮೆಟ್ಟಿಲ ಕೆಳಗಿನ ಕಬ್ಬಿಣದ ಶಟರ್ ಅರ್ಧ ಎದ್ದು ನಿಂತುಬಿಡುತ್ತದೆ. ಹತ್ತೊಂಬತ್ತು ವರ್ಷದಿಂದಲೂ ಅದು ಅರ್ಧಕ್ಕೇ ನಿಲ್ಲುವುದು. ನೀಲಿ ಕೋಟು ತೊಟ್ಟ ಹೆಂಗಸೊಬ್ಬರು ಎಡಗಾಲಿನಿಂದ ಅದರ ಪಕ್ಕೆಗೊಂದು ಕೊಟ್ಟು, "ಏಳಪ್ಪಾ ಏಳು, ನಿನಗೊಬ್ಬನಿಗೇನಾ ನಿದ್ದೆ ಬರೋದು?" ಎನ್ನುತ್ತಾರೆ. ಶಟರ್ ಗೊಣಗುತ್ತಾ ಮೇಲೇಳುತ್ತದೆ.

ದೀಪ ಹಾಕಿದರೆ ಒಳಗೆ ಉದ್ದನೆಯ, ತಗ್ಗು ಸೂರಿನ ಕೋಣೆ. ನಾಲ್ಕು ಸಾಲು ಕಬ್ಬಿಣದ ಗೂಡುಗಳು, ಒಟ್ಟು ಇನ್ನೂರ ಹನ್ನೆರಡು. ತೊಗಲು, ಒದ್ದೆ ಕೊಡೆ, ಯಾವುದೋ ದೂರದೂರಿನ ಸಾಬೂನು ಎಲ್ಲ ಸೇರಿ ಒಂದೇ ಆದ ವಾಸನೆ. ಈ ದೊಡ್ಡ ಪಟ್ಟಣ ನೋಡಲು ಬಂದವರು ತಮ್ಮ ಗಂಟುಮೂಟೆಯನ್ನು ಹಗಲಿಗೆ ಒಪ್ಪಿಸಿ ಹೋಗುವ ಜಾಗ ಇದು. ಆಕೆ ಬ್ಯಾಗು ಇಸಿದುಕೊಳ್ಳುವ ಕಟ್ಟೆ ಒರೆಸುತ್ತಾರೆ, ಬ್ಲೇಡಿನಲ್ಲಿ ಪೆನ್ಸಿಲ್ ಚೂಪು ಮಾಡುತ್ತಾರೆ, ದಾರ ಕಟ್ಟಿದ ಆ ಪೆನ್ಸಿಲನ್ನು ಕೊರಳಿಗೆ ಹಾಕಿಕೊಳ್ಳುತ್ತಾರೆ. ಆಮೇಲೆ ಕಟ್ಟೆಯ ಕಿಟಕಿಯಿಂದ ಕತ್ತೆತ್ತಿ ಹಜಾರದ ಗಡಿಯಾರ ನೋಡುತ್ತಾರೆ. ಆಳೆತ್ತರದ ಗಡಿಯಾರ, ಎದುರಿಗೇ ಇದೆ.

ದಿನಾ ಒಂದು ಸಲ ನೋಡಿ ಕೆಲಸಕ್ಕೆ ಕೂರುವವರು ಇವತ್ತು ಮೂರು ಸಲ ನೋಡಿದ್ದಾರೆ. ಒಂಬತ್ತು ನಲವತ್ತಕ್ಕೆ ಅವರ ತವರಿನ ಕಡೆಯ ರೈಲು ಬರುತ್ತದೆ. ಆ ರೈಲಿನಲ್ಲಿ ಅಕ್ಕ ಇರಬಹುದು, ಇಲ್ಲದೆಯೂ ಇರಬಹುದು. ಇಪ್ಪತ್ತೊಂದು ವರ್ಷದ ಹಿಂದೆ ಒಮ್ಮೆ ಈ ಪಟ್ಟಣಕ್ಕೆ ಬಂದು, ತಂಗಿಯನ್ನು ಕಾಣದೆ ವಾಪಸು ಹೋದ ಅಕ್ಕ.

ನಿಲ್ದಾಣದ ಪೋರ್ಟರುಗಳಿಗೆ, ಟ್ಯಾಕ್ಸಿಯವರಿಗೆ, ಚಹಾ ಮಾರುವವರಿಗೆ ಈಕೆ ಚೀಟಿಯಮ್ಮ. ಅದಕ್ಕೆ ಕಾರಣವಿದೆ. ಬ್ಯಾಗು ಒಪ್ಪಿಸಿದವರಿಗೆ ಗೂಡಿನ ನಂಬರು ಬರೆದ ಚೀಟಿ ಕೊಡುವುದು ಕೆಲಸ. ಚೀಟಿಯ ಹಿಂಬದಿ ಖಾಲಿ. ಆ ಖಾಲಿ ಜಾಗದಲ್ಲಿ ಚೀಟಿಯಮ್ಮ ಪೆನ್ಸಿಲಿನಿಂದ ಒಂದು ಸಾಲು ಬರೆಯುತ್ತಾರೆ. ಆ ಮನುಷ್ಯ ಈ ಪಟ್ಟಣದಲ್ಲಿ ಅವತ್ತು ಮಾಡಲಿರುವ ತಪ್ಪು ಯಾವುದು ಎಂದು ಮುಖ ನೋಡಿ, ಕಾಲು ನೋಡಿ, ಬ್ಯಾಗು ನೋಡಿ ಅಂದಾಜು ಮಾಡಿ, ಅದನ್ನು ಮಾಡಬೇಡಿ ಎಂದು ಬರೆಯುತ್ತಾರೆ. ಹೀಗೆ ಮಾಡಿ ಎಂದು ಯಾರೂ ಹೇಳಿಲ್ಲ, ಯಾರೂ ಬೇಡ ಎಂದೂ ಅಂದಿಲ್ಲ.

"ಒಬ್ಬರಿಗೆ ಒಂದೇ ಮಾತು," ಎನ್ನುತ್ತಾರೆ. "ಎರಡು ಹೇಳಿದ್ರೆ ಎರಡನ್ನೂ ಮರೀತಾರೆ. ಹತ್ತು ಹೇಳಿದ್ರೆ ಭಯ ಬಿದ್ದು ಇಲ್ಲೇ ಕೂತ್ಬಿಡ್ತಾರೆ."

ಆರು ಗಂಟೆಗೆ ಮೊದಲ ಗಿರಾಕಿಗಳು. ಹೊಸದಾಗಿ ಮದುವೆಯಾದ ಜೋಡಿ. ಇಬ್ಬರ ಕಾಲಲ್ಲೂ ಫಳಫಳ ಹೊಳೆಯುವ ಹೊಸ ಬೂಟು. ಚೀಟಿಯಮ್ಮ ಬಗ್ಗಿ ನೋಡಿ, "ಹಳೇದು ಬ್ಯಾಗಲ್ಲಿದೆ ತಾನೇ?" ಎಂದು ಕೇಳುತ್ತಾರೆ. ಹುಡುಗಿ ನಾಚಿಕೊಂಡು ಇದೆ ಎನ್ನುತ್ತಾಳೆ. "ಹೊಸದು ಬ್ಯಾಗಿನಲ್ಲಿರಲಿ, ಹಳೆಯದು ಕಾಲಿನಲ್ಲಿರಲಿ" ಎಂದು ಚೀಟಿಯ ಹಿಂದೆ ಬರೆಯುತ್ತಾರೆ. ಜೋಡಿ ಅಲ್ಲೇ ಬೆಂಚಿನ ಮೇಲೆ ಕೂತು ಬೂಟು ಬದಲಾಯಿಸುತ್ತದೆ. ಸಂಜೆಯ ಹೊತ್ತಿಗೆ ಒಬ್ಬರ ಮೇಲೊಬ್ಬರು ಸಿಡುಕುವ ಜೋಡಿಗಳಲ್ಲಿ ಅರ್ಧಕ್ಕರ್ಧ ಜಗಳ ಹಿಮ್ಮಡಿಯ ಬೊಬ್ಬೆಯಿಂದಲೇ ಹುಟ್ಟುತ್ತದೆ ಎನ್ನುವುದು ಅವರ ಲೆಕ್ಕ.

ಮುಂದಿನವರು ಒಬ್ಬ ಗೃಹಸ್ಥರು. ಕೈಯಲ್ಲಿ ನಾಲ್ಕು ಮಡಿಕೆಯ ಕಾಗದ, ಅದರಲ್ಲಿ ಒಂದೇ ದಿನಕ್ಕೆ ಹನ್ನೊಂದು ಜಾಗ. ಗೋಪುರ, ನದಿಯ ದೋಣಿ, ವಸ್ತುಸಂಗ್ರಹಾಲಯ, ಗಾಜಿನ ಸೂರಿನ ಮಾರುಕಟ್ಟೆ, ಇನ್ನೂ ಏನೇನೋ. ಚೀಟಿಯಮ್ಮ ಆ ಪಟ್ಟಿಯನ್ನೇ ಇಸಿದುಕೊಂಡು ಓದಿ, "ಇದರಲ್ಲಿ ಎಂಟನ್ನು ಹೊಡೆದು ಹಾಕಿ" ಎಂದು ಬರೆದುಕೊಡುತ್ತಾರೆ. ಗೃಹಸ್ಥರಿಗೆ ಸಿಟ್ಟು ಬರುತ್ತದೆ.

"ಅಷ್ಟು ದೂರದಿಂದ ಬಂದಿದ್ದೀನಮ್ಮ ನಾನು!"

"ದೂರದಿಂದ ಬಂದಿದ್ದಕ್ಕೇ ಹೇಳ್ತಿರೋದು ಸಾರ್. ಹನ್ನೊಂದು ಕಡೆ ಓಡಿದ್ರೆ ಕೊನೆಗೆ ನೆನಪಲ್ಲಿ ಉಳಿಯೋದು ಓಡಿದ್ದು ಒಂದೇ."

ಆತ ಗೊಣಗುತ್ತಾ ಹೋಗುತ್ತಾರೆ. ಚೀಟಿಯಮ್ಮನ ಬೆನ್ನ ಹಿಂದೆ, ಆತನ ಭಾರದ ಪೆಟ್ಟಿಗೆಯನ್ನು ಮೇಲಿನ ಗೂಡಿಗೆ ಎತ್ತುತ್ತಿದ್ದ ಮೀಸೆ ಮಾಮ, "ಹೊಡೆದು ಹಾಕಲ್ಲ ಅವ್ನು, ನೋಡ್ತಿರು" ಎನ್ನುತ್ತಾರೆ. ಮೀಸೆ ಮಾಮನಿಗೆ ಅರವತ್ತರ ಹತ್ತಿರ. ಕೋಣೆಯ ಎತ್ತುವ ಇಳಿಸುವ ಕೆಲಸವೆಲ್ಲ ಅವರದು, ಮೀಸೆಗೆ ಎಣ್ಣೆ ಹಚ್ಚುವ ಕೆಲಸವೂ ಇದೆ. ಅಕ್ಷರ ಮಾತ್ರ ಕೋಳಿ ಕೆದಕಿದ ಹಾಗೆ. ಹಾಗಾಗಿ ಪೆನ್ಸಿಲಿನ ಗೊಡವೆಗೆ ಹೋಗುವುದಿಲ್ಲ.

ಏಳರ ಹೊತ್ತಿಗೆ ಸಾಲು ಹಜಾರದವರೆಗೂ ಬೆಳೆಯುತ್ತದೆ. ದಿನಕ್ಕೆ ನೂರೈವತ್ತು ಬ್ಯಾಗು, ರಜೆಯ ದಿನಗಳಲ್ಲಿ ಇನ್ನೂರು. ಮಧ್ಯಾಹ್ನ ಒಂದೂವರೆಗೆ ಪಾಳಿ ಮುಗಿಯುವವರೆಗೆ ನಿಂತೇ ಇರಬೇಕು. ಕೂರಲು ಸ್ಟೂಲ್ ಇದೆ, ಆದರೆ ಕೂತರೆ ಬಂದವರ ಕಾಲು ಕಾಣುವುದಿಲ್ಲವಂತೆ. ಹತ್ತೊಂಬತ್ತು ವರ್ಷಕ್ಕೆ ಎಂಟು ಲಕ್ಷ ಚೀಟಿಯ ಮೇಲಾಯಿತು ಎಂದರೆ ಅವರು, "ಅಯ್ಯೋ, ಅಷ್ಟು ಜನಕ್ಕೆ ಬುದ್ಧಿ ಹೇಳಿದ್ನಾ? ನಾನು ಹೇಳಿದ್ದು ನನ್ನ ಮಗಳು ಒಂದಿನಾನೂ ಕೇಳಿಲ್ಲ" ಎಂದು ನಗುತ್ತಾರೆ. ಚಳಿಗಾಲದಲ್ಲಿ ಮೆಟ್ಟಿಲಿನ ಸಂದಿಯಿಂದ ಗಾಳಿ ನುಗ್ಗಿ ಬೆನ್ನು ಹಿಡಿದುಕೊಳ್ಳುತ್ತದೆ. ಬಲಗೈ ಹೆಬ್ಬೆರಳು ಪೆನ್ಸಿಲ್ ಹಿಡಿದ ಆಕಾರಕ್ಕೇ ಬಾಗಿಹೋಗಿದೆ. ಮುಂದಿನ ವರ್ಷ ಇಲ್ಲಿ ತಾನೇ ಬಾಗಿಲು ಹಾಕಿಕೊಳ್ಳುವ ಯಂತ್ರದ ಪೆಟ್ಟಿಗೆಗಳು ಬರುತ್ತವೆಂದು ಮಾತಿದೆ. ಆ ಯಂತ್ರ ಯಾರ ಬೂಟನ್ನೂ ನೋಡುವುದಿಲ್ಲ.

ಚೀಟಿಯಮ್ಮನಿಗೆ ನಗು ಬರಿಸುವ ತಪ್ಪು ಒಂದಿದೆ. ಹಜಾರದ ಕಂಬದ ಮೇಲೆ "ಜೇಬುಗಳ್ಳರಿದ್ದಾರೆ ಎಚ್ಚರಿಕೆ" ಎಂದು ಫಲಕ ಹಾಕಿದ್ದಾರೆ. ಓದಿದವರೆಲ್ಲ ತಕ್ಷಣ ತಮ್ಮ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ. ಇಲ್ಲಿ ಕದಿಯೋನಲ್ಲ, ಕಳ್ಕೊಳ್ಳೋನು ಮುಟ್ಕೋತಾನೆ! ಪರ್ಸು ಯಾವ ಜೇಬಲ್ಲಿದೆ ಅಂತ ಕಳ್ಳನಿಗೆ ತೋರಿಸಿಕೊಟ್ಟ ಹಾಗೆ." ಹಾಗೆ ಮುಟ್ಟಿಕೊಂಡವರಿಗೆ "ಫಲಕ ಓದಿ, ಜೇಬು ಮುಟ್ಟಬೇಡಿ" ಎಂದು ಬರೆಯುತ್ತಾರೆ. ಫೋನಿನಲ್ಲೇ ಎಲ್ಲವನ್ನೂ ಇಟ್ಟುಕೊಂಡವರಿಗೆ, "ಇಳಿದುಕೊಳ್ಳುವ ಜಾಗದ ವಿಳಾಸ ಕಾಗದದ ಮೇಲೂ ಇರಲಿ." ಮೊದಲ ಸಲ ಬಂದಿದ್ದೇವೆ ಎಂದು ಕಂಡಕಂಡವರಿಗೆಲ್ಲ ಸಂಭ್ರಮದಿಂದ ಸಾರುವವರಿಗೆ, "ಟ್ಯಾಕ್ಸಿಯವನಿಗೆ ಈ ಮಾತು ಹೇಳಬೇಡಿ." ಕಾಲುದಾರಿಯ ನಡುವೆ ಕಣ್ಣು ಬಾಯಿ ಬಿಟ್ಟುಕೊಂಡು ಮೇಲೆ ನೋಡುತ್ತಾ ನಿಲ್ಲುವ ಜಾತಿಯವರನ್ನು ಅವರು ದೂರದಿಂದಲೇ ಗುರುತಿಸುತ್ತಾರೆ. ಅಂಥವರಿಗೆ, "ಗೋಡೆ ಪಕ್ಕ ನಿಂತು ಬೆರಗಾಗಿ."

ಸಂಜೆ ಬ್ಯಾಗು ಬಿಡಿಸಿಕೊಳ್ಳುವ ಹೊತ್ತಿಗೆ ಅವರ ಪಾಳಿ ಮುಗಿದಿರುತ್ತದೆ. ಆದರೂ ಎಷ್ಟೋ ದಿನ ಮನೆಗೆ ಹೋಗಿ, ಒಂದು ನಿದ್ದೆ ತೆಗೆದು, ನಾಲ್ಕಕ್ಕೆ ಮತ್ತೆ ಬಂದು ಬೆಂಚಿನ ಮೇಲೆ ಕೂರುತ್ತಾರೆ. ಮನೆಯೇನು, ನಿಲ್ದಾಣದ ಹಿಂದಿನ ಬೀದಿಯಲ್ಲಿ ಮೂರನೇ ಮಹಡಿಯ ಒಂದೂವರೆ ಕೋಣೆ. ಗಂಡ ಉಗ್ರಾಣವೊಂದರ ಕಾವಲುಗಾರ, ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಬೆಂಚಿನ ಮೇಲೆ ಕೂತು ವಾಪಸು ಬಂದವರನ್ನು ಕೇಳುವುದು ಒಂದೇ ಪ್ರಶ್ನೆ: "ಹೇಗಿತ್ತು?" ಗೋಪುರಕ್ಕೆ ಮುನ್ನೂರ ಹನ್ನೆರಡು ಮೆಟ್ಟಿಲು, ಇನ್ನೂರನೆಯದರ ಹತ್ತಿರ ಒಂದು ಕಿಟಕಿ, ಅಲ್ಲಿ ನಿಂತರೆ ಗಾಳಿ ಟೋಪಿ ಹಾರಿಸಿಕೊಂಡು ಹೋಗುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ದೋಣಿಯ ಎಡಬದಿಯಲ್ಲೇ ಕೂರಬೇಕು, ಬಲಬದಿಯಲ್ಲಿ ಬಿಸಿಲು ಹೊಡೆಯುತ್ತದೆ ಎಂಬುದೂ.

ಗೋಪುರ ಹತ್ತಿದ್ದೀರಾ ಎಂದರೆ ಇಲ್ಲ. ದೋಣಿ? ಇಲ್ಲ. ಗಾಜಿನ ಮಾರುಕಟ್ಟೆ? ಅದೂ ಇಲ್ಲ.

ದೀಪದ ಬುಡದಲ್ಲಿ ಕತ್ತಲು ಎಂದು ಯಾರಾದರೂ ಅಂದಾರು. ಅದು ಪೂರ್ತಿ ನಿಜವಲ್ಲ. ಒಮ್ಮೆ ಮಗಳು ಹುಟ್ಟುಹಬ್ಬಕ್ಕೆಂದು ಎಳೆದುಕೊಂಡು ಹೊರಟಿದ್ದಳು. ಗೋಪುರಕ್ಕೆ ಇನ್ನೊಂದೇ ನಿಲ್ದಾಣ ಇದೆ ಎನ್ನುವಾಗ ಚೀಟಿಯಮ್ಮ ಬಸ್ಸಿನಿಂದ ಇಳಿದುಬಿಟ್ಟರು. "ಅದನ್ನೆಲ್ಲ ಅಕ್ಕನ ಜೊತೆ ನೋಡೋಣ ಅಂತ ಇಟ್ಟಿದ್ದೀನಿ," ಎನ್ನುತ್ತಾರೆ. ಹೇಳುವಾಗ ಬ್ಯಾಗಿನ ಪಟ್ಟಿಯೊಂದನ್ನು ಸುಮ್ಮನೆ ಎಳೆದು ಸರಿಮಾಡುತ್ತಿರುತ್ತಾರೆ. "ಮೊದಲು ಅವಳು ನೋಡ್ಬೇಕಿತ್ತು. ಅವಳು ನೋಡದೇ ಇರೋದನ್ನ ನಾನು ಹೇಗೆ ನೋಡ್ಲಿ?"

ಇಪ್ಪತ್ತೊಂದು ವರ್ಷದ ಹಿಂದಿನ ಮಾತು. ಆಗಿನ್ನೂ ಈ ಪಟ್ಟಣಕ್ಕೆ ಬಂದು ಎಂಟು ತಿಂಗಳು. ಇದೇ ನಿಲ್ದಾಣದಲ್ಲಿ ಕಸ ಗುಡಿಸುವ ಕೆಲಸ. ಊರಿಗೆ ಬರೆದ ಕಾಗದದಲ್ಲಿ ಮಾತ್ರ "ನಿಲ್ದಾಣದ ಆಫೀಸಿನಲ್ಲಿ ಕೆಲಸ" ಎಂದು ಬರೆದಿದ್ದರು. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ತಂಗಿಯನ್ನು ಬೆಳೆಸಿ, ಹೊಲಿಗೆ ಯಂತ್ರ ತುಳಿದು ಮದುವೆ ಮಾಡಿದವರು ಅಕ್ಕ. ಅವರಿಗೆ ಬೇಸರವಾಗಬಾರದೆಂದು ಆ ಸುಳ್ಳು. ಆ ಅಕ್ಕನಿಗೆ ಪೇಟೆ ತೋರಿಸಬೇಕೆಂಬ ಆಸೆಯಾಗಿ, ಬಾ ಎಂದು ಬರೆದರು: ಬೆಳಗಿನ ಗಾಡಿಗೆ ಬಾ, ನಿಲ್ದಾಣದ ದೊಡ್ಡ ಗಡಿಯಾರದ ಕೆಳಗೆ ನಿಂತಿರು, ಹತ್ತು ಗಂಟೆಗೆ ನಾನು ಅಲ್ಲಿರ್ತೀನಿ.

ನಿಲ್ದಾಣಕ್ಕೆ ಎರಡು ಹಜಾರ, ಎರಡು ದೊಡ್ಡ ಗಡಿಯಾರ. ಒಂದು ಪಶ್ಚಿಮಕ್ಕೆ, ಒಂದು ಪೂರ್ವಕ್ಕೆ. ಎಂಟು ತಿಂಗಳು ಅಲ್ಲೇ ಪೊರಕೆ ಹಿಡಿದರೂ ತಂಗಿಗೆ ಇದು ಗೊತ್ತಿರಲಿಲ್ಲ. ಅವರ ಪಾಲಿಗೆ ಹಂಚಿದ್ದು ಪಶ್ಚಿಮದ ಹಜಾರ, ಮನೆಯೂ ಆ ಕಡೆಗೇ. ತಾವು ಈ ಊರಿಗೆ ಬಂದದ್ದು ಪಾತ್ರೆಪಡಗದ ಜೊತೆ ಲಾರಿಯಲ್ಲಿ. ತವರಿನ ಕಡೆಯ ರೈಲು ಪೂರ್ವದ ಹಜಾರಕ್ಕೆ ಬರುತ್ತದೆಂದು ಯಾರೂ ಹೇಳಿರಲಿಲ್ಲ. ಇಬ್ಬರಲ್ಲೂ ಫೋನಿಲ್ಲದ ಕಾಲ.

ಅಕ್ಕ ಪೂರ್ವದ ಗಡಿಯಾರದ ಕೆಳಗೆ, ತಂಗಿ ಪಶ್ಚಿಮದ ಗಡಿಯಾರದ ಕೆಳಗೆ. ತಂಗಿ ಅವತ್ತು ಮೊದಲ ಸಲ ರಜೆ ಹಾಕಿದ್ದರು. ತಾನು ಜಾಗ ಬಿಟ್ಟು ಹೋದಾಗಲೇ ಅವಳು ಬಂದುಬಿಟ್ಟರೆ ಎಂದು ಇಬ್ಬರೂ ಕದಲಲಿಲ್ಲ. ನೀರು ಕುಡಿಯಲೂ ಹೋಗಲಿಲ್ಲ.

"ನಾವಿಬ್ರೂ ಒಂದೇ ಹೊಟ್ಟೇಲಿ ಹುಟ್ಟಿದೋರಲ್ವಾ, ಬುದ್ಧೀನೂ ಒಂದೇ," ಎನ್ನುತ್ತಾರೆ ಚೀಟಿಯಮ್ಮ. "ಅದಕ್ಕೇ ಈಗ ಹೇಳ್ತೀನಿ ಎಲ್ರಿಗೂ. ತಪ್ಪಿಸಿಕೊಂಡಾಗ ಇಬ್ರೂ ಹುಡುಕೋಕೆ ಹೊರಟ್ರೂ ಸಿಗಲ್ಲ, ಇಬ್ರೂ ನಿಂತ್ಕೊಂಡ್ರೂ ಸಿಗಲ್ಲ. ಒಬ್ರು ನಿಲ್ಬೇಕು, ಒಬ್ರು ಹುಡುಕ್ಬೇಕು. ಯಾರು ಯಾವ್ದು ಅಂತ ಮೊದ್ಲೇ ಮಾತಾಡ್ಕೊಂಡಿರ್ಬೇಕು."

ಅವತ್ತು ಅಕ್ಕ ಸಂಜೆ ನಾಲ್ಕರ ಗಾಡಿಗೆ ಹೊರಟುಹೋದರು. ಊರಿನಲ್ಲಿ ಕಾಯುತ್ತಿದ್ದವರು ಸುಮ್ಮನಿರುತ್ತಾರೆಯೇ? "ಪೇಟೆ ನೋಡೋಕೆ ಹೋಗಿ ಗಡಿಯಾರ ನೋಡ್ಕೊಂಡು ಬಂದ್ಲು" ಎಂದು ಆಡಿಕೊಂಡರು. ಆ ಮಾತು ಅಕ್ಕನಿಗೆ ಅಂಟಿಕೊಂಡಿತು. ಇವತ್ತಿಗೂ ಯಾರಾದರೂ ಕೆಲಸ ಕೆಡಿಸಿಕೊಂಡು ಬಂದರೆ ಆ ಊರಲ್ಲಿ ಗಡಿಯಾರ ನೋಡಿ ಬಂದೆಯಾ ಎನ್ನುತ್ತಾರಂತೆ.

ಆಡಿಕೊಂಡವರದು ಹಾಗಿರಲಿ. ಅಕ್ಕನ ಮನಸ್ಸಿನಲ್ಲಿ ಮುಳ್ಳಾಗಿ ಉಳಿದದ್ದು ಬೇರೆ. ತಂಗಿ ಕಸ ಗುಡಿಸುತ್ತಾಳೆಂದು ಆ ಮೇಲೆ ಯಾರಿಂದಲೋ ತಿಳಿಯಿತು. ಓಹೋ, ಪೊರಕೆ ಹಿಡಿದಿದ್ದನ್ನು ಅಕ್ಕ ನೋಡಬಾರದು ಅಂತ ಬೇಕಂತಲೇ ಬರಲಿಲ್ಲ ಇವಳು ಎಂದು ಅಕ್ಕ ತೀರ್ಮಾನ ಮಾಡಿದರು. ಎರಡು ಗಡಿಯಾರ ಇರುವುದು ಆಮೇಲೆ ಗೊತ್ತಾಗಿ ತಂಗಿ ಹೇಳಿದರೆ, ಅಕ್ಕನ ಪಾಲಿಗೆ ಅದು ಹೊಸೆದ ಕತೆ. "ಒಂದು ನಿಲ್ದಾಣಕ್ಕೆ ಎಷ್ಟು ಗಡಿಯಾರ ಬೇಕೇ? ಗಂಟೆ ಎರಡೆರಡಾಗುತ್ತಾ ಅಲ್ಲಿ?" ಎಂದು ಕೇಳಿ ಬಾಯಿ ಮುಚ್ಚಿಸಿದರು. ಮಗಳು ಫೋನಿನಲ್ಲಿ ಫೋಟೋ ತೆಗೆದು ಕಳಿಸಿದ್ದೂ ಆಯಿತು. "ಗಡಿಯಾರದ ಫೋಟೋ ಎಲ್ಲಿ ಬೇಕಾದ್ರೂ ತೆಗೀಬಹುದು" ಎಂಬ ಉತ್ತರ ಬಂತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ ಅಕ್ಕ.

ಹಾಗೆಂದು ಅವರಿಬ್ಬರ ನಡುವೆ ಮಾತು ಬಿಟ್ಟಿಲ್ಲ. ವರ್ಷಕ್ಕೊಮ್ಮೆ ತಂಗಿ ಊರಿಗೆ ಹೋಗುತ್ತಾರೆ. ಅಕ್ಕ ಹೊಟ್ಟೆ ಬಿರಿಯುವಂತೆ ಬಡಿಸುತ್ತಾರೆ, ಅಳತೆ ತೆಗೆದು ಬಟ್ಟೆ ಹೊಲಿದುಕೊಡುತ್ತಾರೆ. ಪಟ್ಟಣದ ಮಾತು ಬಂದರೆ ಮಾತ್ರ ಎದ್ದು ಒಳಗೆ ಹೋಗುತ್ತಾರೆ. "ಬೈದಿದ್ರೆ ತಡ್ಕೋಬಹುದಿತ್ತು," ಎನ್ನುತ್ತಾರೆ ಚೀಟಿಯಮ್ಮ. "ಅವಳು ಎದ್ದು ಒಳಗೆ ಹೋಗ್ತಾಳಲ್ಲ, ಅದು ಕರುಳು ಹಿಂಡುತ್ತೆ. ನಾಚಿಕೆಯಿಂದ ಅಕ್ಕನ್ನ ಬಿಟ್ಟವಳು ಅಂತ ಅಂದ್ಕೊಂಡಿದ್ದಾಳೆ ನನ್ನ. ನಂಗೆ ಗೋಪುರ ಬೇಡ, ದೋಣಿ ಬೇಡ. ಅವಳು ಒಂದ್ಸಲ ಬಂದು ಈ ಗಡಿಯಾರ ನೋಡಿದ್ರೆ ಸಾಕು."

ಆ ಘಟನೆಯಾಗಿ ಎರಡು ವರ್ಷಕ್ಕೆ ಈ ಸಾಮಾನು ಕೋಣೆಯ ಕೆಲಸ ಸಿಕ್ಕಿತು. ಮೊದಲ ವಾರವೇ ವಯಸ್ಸಾದ ದಂಪತಿ ಬಂದರು. ಬೆಳಗ್ಗೆ ಒಟ್ಟಿಗೆ ಹೋದವರು ಸಂಜೆ ಬೇರೆಬೇರೆಯಾಗಿ ಬಂದರು. ನಾಲ್ಕು ಗಂಟೆ ಒಬ್ಬರನ್ನೊಬ್ಬರು ಹುಡುಕಿ ಸೋತಿದ್ದರು. ಕಟ್ಟೆಯ ಮುಂದೆ ಭೇಟಿಯಾದಾಗ ಅಜ್ಜಿ ಅಜ್ಜನ ತೋಳಿಗೊಂದು ಗುದ್ದಿ ಅಳುತ್ತಾ ನಿಂತರು. ಮಾರನೆಯ ದಿನದಿಂದ ಚೀಟಿಯಮ್ಮ ಚೀಟಿಯ ಹಿಂದೆ ಬರೆಯತೊಡಗಿದರು. ಮೊದಲು ಬರೆದದ್ದು, "ಈ ನಿಲ್ದಾಣಕ್ಕೆ ಎರಡು ಗಡಿಯಾರಗಳಿವೆ." ಬೇರೆ ಭಾಷೆಯವರಿಗೆ ಎರಡು ಸೊನ್ನೆ ಬರೆದು ಮುಳ್ಳು ಎಳೆದು, ಒಂದರ ಕೆಳಗೆ ನಿಂತ ಮನುಷ್ಯನನ್ನೂ ಇನ್ನೊಂದರಿಂದ ನಡೆದು ಬರುವ ಮನುಷ್ಯನನ್ನೂ ಚಿತ್ರಿಸುತ್ತಾರೆ. ಗುಂಪಾಗಿ ಬಂದವರಿಗೆಲ್ಲ ಇವತ್ತಿಗೂ ಅದೇ ಚೀಟಿ.

ಒಂಬತ್ತೂವರೆ. ಚೀಟಿಯಮ್ಮ ಒಬ್ಬರ ಚೀಟಿಗೆ ತಪ್ಪು ನಂಬರು ಬರೆದು, ಅಳಿಸಿ, ಮತ್ತೆ ಬರೆಯುತ್ತಾರೆ.

ವಿಷಯ ಇಷ್ಟು. ಅಕ್ಕನ ಊರಿನ ಹೊಲಿಗೆ ಸಂಘದ ಹೆಂಗಸರು ಒಂದು ದಿನಕ್ಕೆ ಪಟ್ಟಣ ನೋಡಲು ಹೊರಟಿದ್ದಾರೆಂದು ಮಗಳ ಫೋನಿಗೆ ಸುದ್ದಿ ಬಂದಿತ್ತು. ಅಕ್ಕನೂ ಸಂಘದಲ್ಲಿ ಇದ್ದಾರೆ. ಬರುತ್ತೀಯಾ ಎಂದು ಕೇಳಿದರೆ, "ನನ್ನ ಮಂಡಿ ನೋವು ನಿಂಗೇನು ಗೊತ್ತು" ಎಂದು ಮಾತು ತೇಲಿಸಿದರಂತೆ. ಬರುತ್ತೇನೆ ಎಂದಿಲ್ಲ. ಬರುವುದಿಲ್ಲ ಎಂದೂ ಅಂದಿಲ್ಲ. ಚೀಟಿಯಮ್ಮ ಗೂಡಿನ ಹಿಂದೆ ಒಗೆದ ಬಟ್ಟೆಯೊಂದನ್ನು ಮಡಿಸಿ ಇಟ್ಟುಕೊಂಡಿದ್ದಾರೆ. ಅಕ್ಕ ಬಂದರೆ ಈ ನೀಲಿ ಕೋಟು ಕಳಚಿ ಅದನ್ನು ಹಾಕಿಕೊಳ್ಳುವ ಯೋಚನೆ.

"ಊರಿಗೆ ಬಂದವಳು ನೀರಿಗೆ ಬಾರದೇ ಇರ್ತಾಳಾ? ಗಾಡಿ ಹತ್ತಿದ್ರೆ ಇಲ್ಲಿಗೆ ಬಂದೇ ಬರ್ತಾಳೆ," ಎಂದು ಮೀಸೆ ಮಾಮ ಧೈರ್ಯ ಹೇಳುತ್ತಾರೆ.

"ಹತ್ತಿದ್ರೆ ತಾನೇ ಮಾಮ."

ಹತ್ತು ಗಂಟೆ ಹತ್ತು ನಿಮಿಷಕ್ಕೆ, ಪೂರ್ವದ ಹಜಾರದಿಂದ ಹಳಿಗಳ ಮೇಲೆ ಹಾದುಬರುವ ಸೇತುವೆ ಇಳಿದು ಹೆಂಗಸರ ಗುಂಪೊಂದು ಬರುತ್ತದೆ. ಎಲ್ಲರ ಕೈಯಲ್ಲೂ ಒಂದೇ ಬಗೆಯ ಬೂದು ಬಟ್ಟೆಯ ಚೀಲ, ಪ್ರವಾಸಕ್ಕೆಂದೇ ಸಂಘದವರು ತಾವೇ ಹೊಲಿದುಕೊಂಡದ್ದು. ಚೀಟಿಯಮ್ಮ ಕಾಲು ನೋಡುವುದನ್ನು ಮರೆತು ಒಂದೊಂದೇ ಮುಖ ನೋಡುತ್ತಾರೆ. ಹದಿಮೂರು ಜನ. ಅಕ್ಕ ಇಲ್ಲ.

ಅವರ ಮುಖ ಸಪ್ಪಗಾಗುತ್ತದೆ. ಆದರೆ ಸಾಲು ಸಾಲೇ, ಕೆಲಸ ಕೆಲಸವೇ. ಒಂದೊಂದು ಚೀಲ ತೆಗೆದುಕೊಂಡು ನಂಬರು ಹಾಕುತ್ತಾ ಹೋಗುತ್ತಾರೆ. ಹದಿಮೂರು ಚೀಟಿ ಮುಗಿದ ಮೇಲೂ ಕಟ್ಟೆಯ ಮೇಲೆ ಒಂದು ಚೀಲ ಉಳಿಯುತ್ತದೆ. ಗುಂಪಿನ ಮುಂದಾಳು, ದಪ್ಪ ಕನ್ನಡಕದ ಹೆಂಗಸು, ಎರಡು ಚೀಲ ಹೊತ್ತು ತಂದಿದ್ದಾರೆ.

ಚೀಟಿಯಮ್ಮ ಆ ಹದಿನಾಲ್ಕನೇ ಚೀಲದ ಹಿಡಿ ಹಿಡಿಯುತ್ತಾರೆ. ಹಿಡಿದ ಕೈ ಅಲ್ಲೇ ನಿಲ್ಲುತ್ತದೆ. ಉಳಿದೆಲ್ಲ ಚೀಲಗಳಿಗೆ ಬೂದು ದಾರ. ಇದರ ಹಿಡಿಗೆ ಮಾತ್ರ ಕೆಂಪು ದಾರ, ಅದೂ ಎರಡೆರಡು ಹೊಲಿಗೆ. ಭಾರ ಬೀಳುವ ಕಡೆ ಯಾವ ಬಣ್ಣದ ಬಟ್ಟೆಯಾದರೂ ಸರಿ, ಕೆಂಪು ದಾರದಲ್ಲಿ ಎರಡು ಸಲ ಹೊಡೆಯುವವರು ಒಬ್ಬರೇ. ಶಾಲೆಗೆ ಹೋಗುವಾಗ ತಂಗಿಯ ಹೆಗಲಿನಲ್ಲಿದ್ದ ಚೀಲಕ್ಕೂ ಇದೇ ಹೊಲಿಗೆ ಇತ್ತು.

"ಇದು... ಎಲ್ಲಿ ಅವಳು?"

"ಬಂದಿದ್ದಾರಮ್ಮ," ಎನ್ನುತ್ತಾರೆ ಕನ್ನಡಕದ ಹೆಂಗಸು. "ಗಾಡಿ ಇಳಿದಿದ್ದೇ ಆ ಕಡೆ ಗಡಿಯಾರದ ಕೆಳಗೆ ಕೂತ್ಬಿಟ್ರು. ಎಷ್ಟು ಕರೆದ್ರೂ ಏಳಲ್ಲ. 'ಅವತ್ತು ನಾನು ಬಂದಿದ್ದೆ, ಇವತ್ತು ಅವಳು ಬರ್ಲಿ' ಅಂದ್ರು. ನಮ್ಗೇನೂ ಅರ್ಥ ಆಗ್ಲಿಲ್ಲ."

ಚೀಟಿಯಮ್ಮನಿಗೆ ಅರ್ಥವಾಗುತ್ತದೆ. ಚೀಟಿ ಎಳೆದು ನಂಬರು ಬರೆಯುತ್ತಾರೆ. ತಿರುಗಿಸುತ್ತಾರೆ. ಎಂಟು ಲಕ್ಷ ಜನಕ್ಕೆ ತಡವರಿಸದೆ ಬರೆದ ಪೆನ್ಸಿಲು ಖಾಲಿ ಜಾಗದ ಮೇಲೆ ಸುಮಾರು ಹೊತ್ತು ನಿಲ್ಲುತ್ತದೆ. ಆಮೇಲೆ ಒಂದು ಸಾಲು ಬರೆದು ಚೀಟಿಯನ್ನು ಮುಷ್ಟಿಯಲ್ಲಿ ಹಿಡಿಯುತ್ತಾರೆ. ಎದುರಿಗೆ ಇನ್ನೂ ಇಪ್ಪತ್ತು ಜನರ ಸಾಲಿದೆ. ಪಾಳಿಯ ನಡುವೆ ಅವರು ಈ ಕಟ್ಟೆ ಬಿಟ್ಟು ಹೋದದ್ದೇ ಇಲ್ಲ.

"ಹೋಗೇ ತಾಯಿ, ಇನ್ನೂ ಏನು ನೋಡ್ತೀಯ?" ಎನ್ನುತ್ತಾರೆ ಮೀಸೆ ಮಾಮ. ಅವರ ಕೊರಳಿನಿಂದ ಪೆನ್ಸಿಲ್ ತೆಗೆದು ತಮ್ಮ ಕೊರಳಿಗೆ ಹಾಕಿಕೊಳ್ಳುತ್ತಾರೆ. "ನಂಬರು ನಾನು ಬರೀತೀನಿ. ಬುದ್ಧಿಮಾತು ಇವತ್ತು ಯಾರಿಗೂ ಇಲ್ಲ. ಏನು ತಪ್ಪು ಮಾಡ್ತಾರೋ ಮಾಡ್ಕೊಳ್ಲಿ."

ಒಗೆದು ಮಡಿಸಿದ ಬಟ್ಟೆ ಗೂಡಿನ ಹಿಂದೆಯೇ ಉಳಿಯುತ್ತದೆ. ನೀಲಿ ಕೋಟಿನಲ್ಲೇ ಚೀಟಿಯಮ್ಮ ಸೇತುವೆ ಹತ್ತುತ್ತಾರೆ. ಮೊದಲು ನಡೆಯುತ್ತಾರೆ, ಆಮೇಲೆ ಓಡುತ್ತಾರೆ. ಅವತ್ತು ಅಕ್ಕ ತಂಗಿಯ ನಡುವೆ ಇದ್ದದ್ದು ಇದೇ ಸೇತುವೆ. ನಿಧಾನವಾಗಿ ನಡೆದರೂ ಆರು ನಿಮಿಷದ ದಾರಿ.

ಪೂರ್ವದ ಗಡಿಯಾರದ ಕೆಳಗೆ ಕಲ್ಲಿನ ಕಟ್ಟೆ. ಅದರ ಮೇಲೆ ನರೆತ ತಲೆಯ, ದಪ್ಪ ಸ್ವೆಟರಿನ ಹೆಂಗಸೊಬ್ಬರು ಮಂಡಿಯ ಮೇಲೆ ಕೈಯೂರಿ ಕೂತಿದ್ದಾರೆ. ತಂಗಿ ಏದುಸಿರು ಬಿಡುತ್ತಾ ಎದುರಿಗೆ ನಿಂತರೂ ಏಳುವುದಿಲ್ಲ. ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡುತ್ತಾರೆ.

"ಬಂದ್ಯಾ?"

"ಬಂದೆ ಅಕ್ಕ."

"ಸ್ವಲ್ಪ ತಡ ಆಯ್ತು."

ತಂಗಿ ಮುಷ್ಟಿಯಲ್ಲಿದ್ದ ಚೀಟಿಯನ್ನು ಚಾಚುತ್ತಾರೆ. ಅಕ್ಕ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, ಸೋತು ವಾಪಸು ಕೊಡುತ್ತಾರೆ. "ಕನ್ನಡಕ ಚೀಲದಲ್ಲಿದೆ. ನೀನೇ ಓದು."

ಚೀಟಿಯಮ್ಮ ತಾನು ಬರೆದದ್ದನ್ನು ಗಟ್ಟಿಯಾಗಿ ಓದಿದ್ದು ಇದೇ ಮೊದಲು. "ನೀನು ನಿಂತಲ್ಲೇ ಇರು. ಈ ಸಲ ನಾನು ಹುಡುಕಿಕೊಂಡು ಬರ್ತೀನಿ."

ಅಕ್ಕ ಕೈ ನೀಡಿ ನೀಲಿ ಕೋಟಿನ ತೋಳು ಹಿಡಿದು ನೋಡುತ್ತಾರೆ. ಹೊಲಿಗೆಯವರ ಅಭ್ಯಾಸ, ಅಂಚು ಮಡಚಿ ಒಳಗಿನ ದಾರ ಪರೀಕ್ಷಿಸುತ್ತಾರೆ. "ಚೆನ್ನಾಗಿ ಹೊಲಿದಿಲ್ಲ," ಎನ್ನುತ್ತಾರೆ. ಆಮೇಲೆ ಮೆಲ್ಲಗೆ, "ಕಸ ಗುಡಿಸ್ತಿದ್ದೆ ಅಂತ ಹೇಳಿದ್ರೆ ನಾನು ಬೈತಿದ್ನೇನೇ?"

"ಅದನ್ನ ಮುಚ್ಚಿಟ್ಟಿದ್ದು ತಪ್ಪೇ ಅಕ್ಕ. ಆದ್ರೆ ಅವತ್ತು ಬಂದಿದ್ದೆ. ನೀನು ಹೊಲಿದ ಹಳದಿ ಬಟ್ಟೇನೇ ಹಾಕ್ಕೊಂಡಿದ್ದೆ."

ಸಂಘದವರು ಸೇತುವೆಯ ಹತ್ತಿರದಿಂದ ಕೂಗುತ್ತಾರೆ. ಗೋಪುರಕ್ಕೆ ಬಸ್ಸು ಹೊರಡುತ್ತದಂತೆ, ಮಧ್ಯಾಹ್ನ ದೋಣಿಯಂತೆ, ಐದಕ್ಕೆ ವಾಪಸು ಗಾಡಿಯಂತೆ. ಅಕ್ಕ ನೀವು ಹೋಗಿ ಎಂದು ಕೈ ಬೀಸುತ್ತಾರೆ. ತಂಗಿಯ ತೋಳು ಹಿಡಿದು ಏಳುತ್ತಾರೆ.

"ಗೋಪುರ ಎಲ್ಲಿಗೂ ಓಡಿಹೋಗಲ್ಲ. ಅದೇನೋ ಇನ್ನೊಂದು ಗಡಿಯಾರ ಅಂತಿದ್ಯಲ್ಲ, ಮೊದ್ಲು ಅದನ್ನ ತೋರ್ಸು."

ಆರು ನಿಮಿಷದ ಸೇತುವೆಗೆ ಮಂಡಿ ನೋವಿನಿಂದ ಹದಿನೈದು ನಿಮಿಷ ಹಿಡಿಯುತ್ತದೆ. ಮೆಟ್ಟಿಲಿಗೊಮ್ಮೆ ನಿಂತು ಅಕ್ಕ ಹೊಲಿಗೆ ಯಂತ್ರವನ್ನು ಬೈಯುತ್ತಾರೆ, ತಂಗಿ ಅವರ ಸೊಂಟ ಹಿಡಿದಿರುತ್ತಾರೆ. ಕೊನೆಗೂ ಪಶ್ಚಿಮದ ಹಜಾರಕ್ಕೆ ಇಳಿಯುತ್ತಾರೆ. ಎದುರಿಗೆ ಗೋಡೆಯ ಮೇಲೆ ಗಡಿಯಾರ ಇದೆ. ಅದೇ ಅಳತೆ, ಅದೇ ಕಪ್ಪು ಮುಳ್ಳು, ಅದೇ ಹಿತ್ತಾಳೆಯ ಅಂಚು. ಹಾದುಹೋಗುವವರ ನಡುವೆ, ಗೋಡೆ ಪಕ್ಕ ನಿಲ್ಲಬೇಕೆಂಬ ನಿಯಮವನ್ನೆಲ್ಲ ಮುರಿದು, ಅವರು ಕತ್ತೆತ್ತಿ ನಿಂತುಬಿಡುತ್ತಾರೆ. ಚೀಟಿಯಮ್ಮ ಅವರನ್ನು ಸರಿಸುವುದಿಲ್ಲ.

"ಎಲ್ಲಿ ನಿಂತಿದ್ದೆ?"

ಚೀಟಿಯಮ್ಮ ಮೂರನೇ ಕಂಬ ತೋರಿಸುತ್ತಾರೆ. ಅಕ್ಕ ಕುಂಟುತ್ತಾ ಹೋಗಿ ಆ ಕಂಬಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಬಾಗಿಲ ಕಡೆ ನೋಡುತ್ತಾರೆ, ಸೇತುವೆಯ ಕಡೆ ನೋಡುತ್ತಾರೆ, ಯಾರನ್ನೋ ಕಾಯುವವರ ಹಾಗೆ.

"ಎಷ್ಟು ಹೊತ್ತು?"

"ಹೊರಡುವಾಗ ಐದೂಕಾಲು ಆಗಿತ್ತು ಅಕ್ಕ."

"ಅಯ್ಯೋ ಹುಚ್ಚಿ," ಎನ್ನುತ್ತಾರೆ ಅಕ್ಕ. "ನಾನು ನಾಲ್ಕಕ್ಕೇ ಹೊರಟುಬಿಟ್ಟೆನಲ್ಲೇ."

ಕಟ್ಟೆಯ ಕಡೆಯಿಂದ ಮೀಸೆ ಮಾಮ ಯಾರಿಗೋ ನಂಬರು ಒಂದೋ ಏಳೋ ಎಂದು ವಿವರಿಸುತ್ತಿರುವುದು ಕೇಳುತ್ತದೆ. ಅಕ್ಕ ಸ್ವೆಟರಿನ ತೋಳಿನಿಂದ ಮೊದಲು ತಮ್ಮ ಕಣ್ಣು, ಆಮೇಲೆ ತಂಗಿಯ ಮುಖ ಒರೆಸುತ್ತಾರೆ. ಮತ್ತೊಮ್ಮೆ ಮೇಲೆ ನೋಡುತ್ತಾರೆ.

"ಊರಲ್ಲಿ ಕೇಳಿದ್ರೆ ಹೇಳ್ತೀನಿ ಬಿಡು," ಎನ್ನುತ್ತಾರೆ. "ಈ ಸಲ ಎರಡೂ ಗಡಿಯಾರ ನೋಡ್ಕೊಂಡು ಬಂದೆ ಅಂತ."